ಪೊರಕೆ ಮುಟ್ಟದ ಬೆಳಕು

ಗಂಡನನ್ನು ಮಣ್ಣು ಮಾಡಿ ಮೂರು ದಿನಕ್ಕೆ ನೆಂಟರೆಲ್ಲ ಹೊರಟುಹೋದರು. ನಾಲ್ಕನೆಯ ದಿನ ಮಂಗಳವಾರ. ಏಳು ಗಂಟೆಗೆ ಎಚ್ಚರವಾಯಿತು, ಕೆಳಗೆ ಬೇಕರಿಯವನು ಶಟರ್ ಎತ್ತಿದ, ನಾನು ಮಾಟೆ ಚಹಾದ ಸೋರೆಬುರುಡೆಗೆ ಎಲೆ ತುಂಬಿ ಬಿಸಿನೀರು ಹೊಯ್ದೆ. ಸಕ್ಕರೆ ಹಾಕಲಿಲ್ಲ. ಸಕ್ಕರೆ ಬೇಕಿದ್ದದ್ದು ಗಾಸ್ಪರನಿಗೆ. ಒಂದೇ ಬುರುಡೆ, ಒಂದೇ ಕೊಳವೆ. ಎಂಟು ವರ್ಷ ಅವನ ಜೊತೆ ನಾನೂ ಸಿಹಿಯನ್ನೇ ಹೀರಿದ್ದೆ. ಇವತ್ತು ಕಹಿ. ಕಹಿ ಚೆನ್ನಾಗಿತ್ತು. ಚೆನ್ನಾಗಿದೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಅಳು ಬರಲಿಲ್ಲ. ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅವನ ತಲೆಯೊಳಗೆ ಒಂದು ನರ ಒಡೆಯಿತು, ವಯಸ್ಸು ಮೂವತ್ತೊಂಬತ್ತು. ಇಷ್ಟನ್ನೇ ಎಲ್ಲರಿಗೂ ಹೇಳಿ ಹೇಳಿ ಅದು ಯಾರದೋ ಸುದ್ದಿಯಾಗಿಬಿಟ್ಟಿತ್ತು.

ಒಂಬತ್ತಕ್ಕೆ ಫೋನ್ ಬಂತು. ಲಿಸಾಂದ್ರೊ. ನದಿ ದಂಡೆಯ ಥಿಯೇಟರಿನಲ್ಲಿ ಗಾಸ್ಪರ್ ದೀಪಗಳ ಮುಖ್ಯಸ್ಥನಾಗಿದ್ದ. ಲಿಸಾಂದ್ರೊ ಅವನ ಕೈಕೆಳಗಿನವನು, ಗೆಳೆಯ.

"ನೀದಿಯಾ, ಕೇಳೋಕೆ ಬಾಯಿ ಬರ್ತಿಲ್ಲ."

"ಕೇಳು."

"ಶುಕ್ರವಾರ ಡಾನ್ಸ್ ಮೇಳ. ಹನ್ನೊಂದು ತಂಡ. ಲೈಟಿನ ಕನ್ಸೋಲ್ ತುಂಬ ಹಳೇ ಪ್ರೀಸೆಟ್‌ಗಳು. ಅಳಿಸಬೇಕು. ಅಳಿಸೋದು ಅವನೊಬ್ಬನಿಗೇ ಗೊತ್ತಿತ್ತು."

"ಪೊರಕೆ," ಎಂದೆ.

"ಹ್ಞೂಂ, ಅದೇ. ಒಳಗೆ ಏನೇನ್ ಬರೆದಿದಾನೋ ದೇವರೇ ಬಲ್ಲ. ನೀನು ಮ್ಯಾನ್ಯುಯಲ್ ಬರೆಯೋಳು. ನಮಗೊಂದು ಬರೆದುಕೊಡ್ತೀಯಾ?"

ಪ್ರೀಸೆಟ್ ಅಂದರೆ ಒಂದು ಗುಂಡಿಗೆ ಕಟ್ಟಿಟ್ಟ ಒಂದು ಬೆಳಕು: ಯಾವ ದೀಪ, ಎಷ್ಟು, ಯಾವ ಬಣ್ಣ. ಬಂದ ತಂಡದವರೆಲ್ಲ ತಮ್ಮ ಬೆಳಕುಗಳನ್ನು ಕನ್ಸೋಲಿನಲ್ಲೇ ಬಿಟ್ಟು ಹೋಗುತ್ತಾರೆ, ಬಾಡಿಗೆ ಮನೆಯ ಗೋಡೆಯಲ್ಲಿ ಮೊಳೆ ಬಿಟ್ಟು ಹೋದ ಹಾಗೆ. ಒಂದೊಂದನ್ನೇ ಕೀಳುತ್ತ ಕೂತು ಬೇಸತ್ತ ಗಾಸ್ಪರ್ ಸಣ್ಣದೊಂದು ಪ್ರೋಗ್ರಾಂ ಬರೆದು ಅದಕ್ಕೆ ಪೊರಕೆ ಎಂದು ಹೆಸರಿಟ್ಟಿದ್ದ. ನಾನು ಬಿತ್ತನೆ ಯಂತ್ರಗಳ ಕಾರ್ಖಾನೆಯಲ್ಲಿ ಕೈಪಿಡಿ ಬರೆಯುವವಳು. ಯೂನಿವರ್ಸಿಟಿಯಲ್ಲಿ ಓದಿದ್ದು ಸಾಹಿತ್ಯ. ನಮ್ಮ ರೊಸಾರಿಯೊ ಊರಿಗೆ ಬೇಕಿದ್ದದ್ದು ಬೀಜ ಎಷ್ಟು ಆಳಕ್ಕೆ ಬೀಳಬೇಕು ಎಂದು ತಪ್ಪಿಲ್ಲದೆ ಬರೆಯುವವರು.

"ಬರ್ತೀನಿ," ಎಂದೆ. ಮನೆಯಲ್ಲಿ ಕೂರುವುದಕ್ಕಿಂತ ವಾಸಿ.

*

ಥಿಯೇಟರಿನ ಪಕ್ಕದ ಬಾಗಿಲಿನ ಹಿಡಿ ಇನ್ನೂ ಸಡಿಲವಾಗಿಯೇ ಇತ್ತು. ಗಾಸ್ಪರನನ್ನು ಮೊದಲು ಕಂಡದ್ದು ಅಲ್ಲೇ.

ಚಿಕ್ಕಮ್ಮ ಕೊಟ್ಟ ಉಣ್ಣೆಯ ಕೋಟು ಹಾಕಿಕೊಂಡು ನಾಟಕಕ್ಕೆ ಬಂದಿದ್ದೆ. ತಡವಾಗಿತ್ತು. ಮುಂಬಾಗಿಲು ಮುಚ್ಚಿತ್ತು. ಪಕ್ಕದ ಬಾಗಿಲಲ್ಲಿ ಉದ್ದನೆಯ ಒಬ್ಬ ಕೈ ಅಡ್ಡ ಹಿಡಿದ.

"ಟಿಕೆಟ್ ಇದೆ," ಎಂದೆ.

"ಟಿಕೆಟಿನ ಮೇಲೆ ನನಗೇನೂ ಸಿಟ್ಟಿಲ್ಲ. ಕೋಟಿನ ಮೇಲೆ."

"ಕೋಟಿಗೇನಾಯ್ತು?"

"ಹಳದಿ."

ವೇದಿಕೆಗೆ ಹಳದಿ ಬಟ್ಟೆ ಆಗಿಬರುವುದಿಲ್ಲ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ ಈ ಕಾಲದಲ್ಲೂ ಅದಕ್ಕಾಗಿ ಬಾಗಿಲು ಅಡ್ಡಗಟ್ಟುವವರು ಇದ್ದಾರೆಂದು ನಾನು ತಿಳಿದಿರಲಿಲ್ಲ.

"ನೀವು ಇದನ್ನೆಲ್ಲ ನಂಬ್ತೀರಾ?"

"ನಾನು ನಂಬಲ್ಲ. ಒಳಗೆ ಇಪ್ಪತ್ತೆರಡು ಜನ ನಂಬ್ತಾರೆ. ಅದರಲ್ಲಿ ಒಬ್ಬ ನನ್ನ ಏಣಿ ಹಿಡಿಯೋನು." ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟ ಕೋಟಿನ ಮೇಲಿದೆಯೋ ನನ್ನ ಮೇಲೋ ಎಂದು ನಾನು ಲೆಕ್ಕ ಹಾಕುತ್ತಿರುವುದು ಅವನಿಗೆ ತಿಳಿದು, ಕಿವಿ ಕೆಂಪಾಯಿತು. "ತೆಗೆಯಿರಿ."

"ತೆಗೆಯಲ್ಲ. ಚಳಿ."

ಅವನು ಒಂದು ಕಪ್ಪು ಪರದೆ ತಂದು ನನ್ನ ಸುತ್ತ ಸುತ್ತಿ, ಹೆಗಲ ಮೇಲೆ ಟೇಪು ಅಂಟಿಸಿದ. ಪಾರ್ಸೆಲ್ಲಿನ ಹಾಗೆ ನಿಂತಿದ್ದೆ.

"ಎಲ್ಲಿಗೆ ಕಳಿಸ್ತೀರಿ?" ಎಂದೆ.

"ವಿಳಾಸ ನೀವೇ ಹೇಳಬೇಕು, ಸಣಕಲಿ."

ಆಮೇಲೆ ಕಾಫಿ ಕುಡಿಯುವಾಗ ಹೇಳಿದ: ಒಂದು ಬೆಳಕು ಮಾಡುತ್ತೇನೆ, ಅದರಲ್ಲಿ ನಿನ್ನ ಕೋಟು ಹಳದಿ ಅಂತ ಯಾರಿಗೂ ಕಾಣಬಾರದು. ನಾನು ನಕ್ಕೆ. ಮದುವೆಯಾದ ಮೇಲೆ ಕೋಟು ಬೀರುವಿನೊಳಗೆ ಹೋಯಿತು. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

*

ಪೊರಕೆ ಅವನ ಹಾಗೆಯೇ ಇತ್ತು: ಚುಟುಕು, ಸ್ವಲ್ಪ ತಲೆಹರಟೆ. ಎಷ್ಟರಿಂದ ಎಷ್ಟರವರೆಗೆ ಗುಡಿಸಬೇಕು ಎಂದು ಕೇಳುತ್ತದೆ. ಸಿಕ್ಕದ್ದನ್ನು ಪಟ್ಟಿ ಮಾಡುತ್ತದೆ. ಆಮೇಲೆ ಪರದೆಯ ಮೇಲೆ: *ಇನ್ನೊಂದ್ಸಲ ನೋಡ್ಕೋ. ಅಳಿಸಿದ್ದು ವಾಪಸ್ ಬರಲ್ಲ.* ಹೌದು ಎಂದು ಟೈಪ್ ಮಾಡಿದರೆ ಗುಡಿಸುತ್ತದೆ.

ನಾನು ಹಂತ ಹಂತವಾಗಿ ಬರೆದುಕೊಂಡೆ. ಮೊದಲು ಪೆನ್ ಡ್ರೈವಿಗೆ ನಕಲು ತೆಗೆಯಿರಿ. ಎರಡನೆಯದಾಗಿ ಅಂಕಿ ಕೊಡಿ. ಬೆರಳುಗಳಿಗೆ ಕೆಲಸವಿತ್ತು, ಅದು ಸಾಕಿತ್ತು.

ಮಧ್ಯಾಹ್ನ 'ಮುಟ್ಟಬಾರದವು' ಎಂಬ ಪಟ್ಟಿ ಸಿಕ್ಕಿತು. ಪೊರಕೆ ಬಿಟ್ಟುಬಿಡಬೇಕಾದ ಪ್ರೀಸೆಟ್‌ಗಳು ಅದರಲ್ಲಿರಬೇಕು. ಇದ್ದದ್ದು ಒಂದೇ ಒಂದು ಸಾಲು.

*814. ಸೆಲಿನಾ.*

ಕನ್ಸೋಲ್ ನೋಡಿದೆ. 814ನೆಯ ಗುಂಡಿಯ ಕೆಳಗೆ ಬಿಳಿ ಟೇಪಿನ ಚೂರು, ಗಾಸ್ಪರನ ದಪ್ಪಕ್ಷರ: ಸೆಲಿನಾ.

ಕೈಪಿಡಿ ಬರೆಯುವವಳಿಗೆ ಒಂದು ಚಟ: ಯಾವುದು ಯಾವಾಗ ಬದಲಾಯಿತು ಎಂದು ನೋಡದೆ ಬಿಡುವುದಿಲ್ಲ. ಪೊರಕೆ ದಿನಚರಿ ಇಡುತ್ತದೆ. ತೆರೆದೆ. 814ರ ಮುಂದೆ ಹಲವು ತಾರೀಖುಗಳಿದ್ದವು. 'ತಿದ್ದಲಾಗಿದೆ', 'ಮತ್ತೆ ಕಟ್ಟಲಾಗಿದೆ', 'ತಿದ್ದಲಾಗಿದೆ', 'ಮತ್ತೆ ಕಟ್ಟಲಾಗಿದೆ'. ಕೊನೆಯ ಸಾಲು ಮೇ ಹನ್ನೆರಡರದು.

*814. ಹೆಸರು ಬದಲು. ಹಳೆಯದು: ನೀದಿಯಾ. ಹೊಸದು: ಸೆಲಿನಾ.*

ಅದನ್ನು ಮೂರು ಸಲ ಓದಿದೆ. ಮರಗಟ್ಟಿದ್ದ ಎದೆಗೆ ಮೊದಲ ಸಲ ಏನೋ ತಾಗಿತ್ತು. ಅದು ದುಃಖವಾಗಿರಲಿಲ್ಲ.

ಥಿಯೇಟರಿನ ಉಡುಪು ನೋಡಿಕೊಳ್ಳುವ ಮುದುಕಿ ಚೆಲಾ ಇಸ್ತ್ರಿ ಹಾಕುತ್ತಿದ್ದಳು. ಲಿಸಾಂದ್ರೊ ಏಣಿಯಿಂದ ಇಳಿಯುತ್ತಿದ್ದ.

"ಸೆಲಿನಾ ಯಾರು?" ಎಂದೆ.

ಚೆಲಾಳ ಕೈ ಎದೆಗೆ ಹೋಯಿತು. ಲಿಸಾಂದ್ರೊ ಪ್ಯಾಂಟಿನ ಎಡಜೇಬಿಗೆ ಕೈ ತುರುಕಿ ಗೋಡೆ ನೋಡಿದ.

"ಗೊತ್ತಿಲ್ವಾ?"

"ಊಟ ಮಾಡಿದ್ಯಾ ಮಗಳೇ?" ಎಂದಳು ಚೆಲಾ. "ಎಂಪನಾಡ ಇದೆ. ಬಿಸಿ ಮಾಡ್ಲಾ?"

"ಲಿಸಾಂದ್ರೊ. ಗುಂಡಿ ಮೇಲೆ ಹೆಸರಿದೆ. ಅದನ್ನು ಒತ್ತು. ಏನು ಬೆಳಕೋ ನೋಡ್ತೀನಿ."

"ಬೇರೆ ಏನ್ ಬೇಕಾದ್ರೂ ಕೇಳು, ನೀದಿಯಾ."

"ಯಾಕೆ?"

"ಯಾಕೆ ಅಂತ ಕೇಳಬೇಡ. ಅವನಿಗೂ ಹೇಳಿದ್ದೆ, ಬೇಡ ಕಣೋ ಅಂತ. ಕೇಳಲಿಲ್ಲ. ಈಗ ನೋಡು." ಅಷ್ಟು ಹೇಳಿ ತುಟಿ ಕಚ್ಚಿಕೊಂಡು ಹೊರಗೆ ಸಿಗರೇಟಿಗೆ ಹೋದ.

ಎಲ್ಲರಿಗೂ ಗೊತ್ತಿತ್ತು. ಹೆಂಡತಿಯೊಬ್ಬಳನ್ನು ಬಿಟ್ಟು.

*

ಮನೆಗೆ ಬಂದು ಅವನ ಫೋನ್ ತೆಗೆದೆ. ಎಂಟು ವರ್ಷದಲ್ಲಿ ಒಂದು ಸಲವೂ ತೆಗೆದವಳಲ್ಲ. ಆ ಹೆಸರಿನಿಂದ ಬಂದ ಸಂದೇಶ ಒಂದೇ ಇತ್ತು, ಮೇ ಹನ್ನೊಂದು:

*ತಗೊಳ್ಳಿ ಗಾಸ್ಪರ್. ಕೊಟ್ಟರೆ ನನಗೇನೂ ಕಮ್ಮಿ ಆಗಲ್ಲ. ಹೆಂಡತಿಗೆ ಮಾತ್ರ ಹೇಳಬೇಡಿ.*

ಅವನ ಅಂಗಿಗಳನ್ನು ಮೂಸಿ ನೋಡಿದೆ. ಟೇಪಿನ ಅಂಟು, ಸುಟ್ಟ ಧೂಳು. ಕಳೆದ ಚಳಿಗಾಲದ ಗುರುವಾರಗಳನ್ನು ನೆನೆಸಿಕೊಂಡೆ. "ಇವತ್ತು ತಡ, ಸಣಕಲಿ, ಒಂದು ಬೆಳಕು ಸರಿ ಬರ್ತಿಲ್ಲ." ಹಿಂದೆ ಆ ಮಾತು ನನಗೆ ಸುಸ್ತಾದ ಗಂಡನ ಮಾತಾಗಿತ್ತು. ಈಗ ಅದೇ ಮಾತನ್ನು ಮಗುಚಿ ಮಗುಚಿ ನೋಡಿದೆ, ಸಂತೆಯಲ್ಲಿ ಹಣ್ಣು ಮಗುಚಿದ ಹಾಗೆ, ಕೊಳೆತ ಕಡೆ ಸಿಗುವವರೆಗೆ.

ಸತ್ತವನ ಜೊತೆ ಜಗಳ ಆಡುವುದು ಕಷ್ಟ. ಅವನು ಸುಳ್ಳನ್ನೂ ಹೇಳುವುದಿಲ್ಲ.

ಬುಧವಾರ ಬೆಳಿಗ್ಗೆ, ಯಾರೂ ಬರುವ ಮುಂಚೆ, ಕನ್ಸೋಲಿನ ಮುಂದೆ ಕೂತೆ. 'ಮುಟ್ಟಬಾರದವು' ತೆರೆದು ಆ ಸಾಲನ್ನು ತೆಗೆದುಹಾಕಿದೆ. ಎಷ್ಟರಿಂದ? 814. ಎಷ್ಟರವರೆಗೆ? 814.

*ಇನ್ನೊಂದ್ಸಲ ನೋಡ್ಕೋ. ಅಳಿಸಿದ್ದು ವಾಪಸ್ ಬರಲ್ಲ.*

ಆ ವಾಕ್ಯ ಅವನ ದನಿಯಲ್ಲೇ ಕೇಳಿಸಿತು. ಕೈ ನಿಂತಿತು. ಗುಂಡಿಯನ್ನು ನಾನೇ ಒತ್ತಿ ನೋಡಬಹುದಿತ್ತು. ಒತ್ತಲಿಲ್ಲ. ಬೆಳಕು ಚೆನ್ನಾಗಿಲ್ಲದಿದ್ದರೆ ಸರಿ, ತುಂಬ ಚೆನ್ನಾಗಿದ್ದುಬಿಟ್ಟರೆ?

ಬೇಡ ಎಂದು ಟೈಪ್ ಮಾಡಿದೆ. ಸಾಲನ್ನು ಮತ್ತೆ ಸೇರಿಸಿದೆ.

ಬಾಗಿಲಲ್ಲಿ ಚೆಲಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಸಾನ್ ಲೂಯಿಸ್ ಬೀದಿ," ಎಂದಳು. "ಮೂಲೆಯ ಗುಂಡಿ ಅಂಗಡಿ. ಹೋಗಿ ಕೇಳ್ಕೋ. ಹೆಸರು ಮಾತ್ರ ನನ್ನ ಬಾಯಲ್ಲಿ ಬರಿಸಬೇಡ."

*

ಅಂಗಡಿಯ ಗೋಡೆ ತುಂಬ ಸಣ್ಣ ಸಣ್ಣ ಡಬ್ಬಿಗಳು, ಪ್ರತಿ ಡಬ್ಬಿಯ ಮುಖಕ್ಕೆ ಒಂದೊಂದು ಗುಂಡಿ ಹೊಲಿದಿತ್ತು. ಎಲಾಸ್ಟಿಕ್ ಅಳೆಯುತ್ತಿದ್ದವಳಿಗೆ ನಲವತ್ತೈದು ಇದ್ದೀತು. ಉದ್ದ ಕತ್ತು, ಕೆಂಪು ಉಗುರು. ಚೆಲುವೆ. ಕುರೂಪಿಯಾಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ.

"ಎಷ್ಟು ಮೀಟರ್ ಬೇಕು?"

"ನಾನು ಗಾಸ್ಪರನ ಹೆಂಡತಿ."

ಅಳತೆಯ ಕೋಲು ಕೆಳಗೆ ಇಟ್ಟಳು. ಹೆದರಿದಳು ಎಂದುಕೊಂಡೆ. ಹೆದರಲಿ.

"ಮಣ್ಣಿಗೆ ಬರೋಣ ಅಂತ ಹೊರಟಿದ್ದೆ," ಎಂದಳು. "ಸ್ಮಶಾನದ ಗೇಟಿನವರೆಗೂ ಬಂದೆ. ಒಳಗೆ ಥಿಯೇಟರಿನವರೆಲ್ಲ ಇದ್ದರು. ವಾಪಸ್ ಹೋದೆ."

"ನನ್ನ ಗಂಡ ನಿಮ್ಮಿಂದ ಏನು ತಗೊಂಡ?"

"ನಿಮಗೆ ಹೇಳಿಲ್ವಾ?"

"ಹೇಳಬೇಡಿ ಅಂದಿದ್ದು ನೀವೇ."

ಅವಳು ನನ್ನನ್ನು ದಿಟ್ಟಿಸಿದಳು. ನಿಧಾನವಾಗಿ ಅವಳಿಗೆ ಅರ್ಥವಾಯಿತು. ನಗು ತಡೆಯಲು ಕೈಯನ್ನು ಬಾಯಿಗೆ ಒತ್ತಿ ಹಿಡಿದಳು. ಆದರೆ ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಅದಾ ನೀವು ತಿಳ್ಕೊಂಡಿದ್ದು? ಏಳು ವರ್ಷದಿಂದ ನನ್ನ ಬಗ್ಗೆ ಯಾರೂ ಇಷ್ಟು ಒಳ್ಳೇದು ತಿಳ್ಕೊಂಡಿರಲಿಲ್ಲ, ರೀ." ಸ್ಟೂಲ್ ಎಳೆದು ನನಗೆ ಕೊಟ್ಟಳು. "ಅವರು ತಗೊಂಡಿದ್ದು ನನ್ನ ಹೆಸರು."

"ಹೆಸರು?"

"ನಾನು ಹಾಡ್ತಿದ್ದೆ. ನಿಮ್ಮ ಥಿಯೇಟರಿನಲ್ಲೇ. ಒಂದು ಶೋನಲ್ಲಿ ಫ್ಯೂಸ್ ಹೋಯ್ತು. ಇನ್ನೊಂದರಲ್ಲಿ ನದಿ ಉಕ್ಕಿ ನೆಲಮಾಳಿಗೆಗೆ ನೀರು ನುಗ್ಗಿತು. ಮೂರನೇದರಲ್ಲಿ ನಾಯಕ ಮೆಟ್ಟಿಲು ತಪ್ಪಿ ಕಾಲು ಮುರಿದ. ಮೂರರಲ್ಲೂ ನಾನಿದ್ದೆ. ಅಷ್ಟು ಸಾಕಾಯ್ತು. ಮೂಫಾ ಅಂದರು. ಕಾಲಿಟ್ಟಲ್ಲಿ ಕೇಡು ಅಂತ. ಅಂಥವರ ಹೆಸರು ಹೇಳಬಾರದಲ್ಲ. ಹೇಳಿದವರು ಕೂಡಲೇ ಎಡ ಎದೆ ಮುಟ್ಟಿಕೋಬೇಕು, ಗಂಡಸರಾದರೆ ಇನ್ನೂ ಕೆಳಗೆ."

ಚೆಲಾಳ ಕೈ. ಲಿಸಾಂದ್ರೊನ ಜೇಬು. ಇದೇ ಊರಲ್ಲಿ ಹುಟ್ಟಿ, ಅಜ್ಜಿಯ ಕಾಲದಿಂದ ಕಂಡ ಸನ್ನೆ. ಕಣ್ಣೆದುರೇ ಮಾಡಿದರೂ ನನಗೆ ಅದರಲ್ಲಿ ಕಂಡದ್ದು ಪ್ರಣಯ.

"ಅವರು ನಿಮಗೊಂದು ಬೆಳಕು ಮಾಡಿದ್ರಂತೆ," ಎಂದಳು ಸೆಲಿನಾ. "ಯಾವುದೋ ಕೋಟಿಗೆ. ಸರಿ ಬರೋಕೇ ವರ್ಷಗಳು ಹಿಡೀತಂತೆ. ಅದಕ್ಕೆ ನಿಮ್ಮ ಹೆಸರು ಇಟ್ಟಿದ್ರು. ಪೊರಕೆ ಮುಟ್ಟದ ಹಾಗೆ ಮಾಡಿದೀನಿ, ಆದರೆ ಮನುಷ್ಯರ ಕೈಗೆ ಏನ್ ಮಾಡಲಿ ಅಂದರು. ಹೊರಗಿನ ತಂಡದವರು ಬರ್ತಾರೆ, ನೀದಿಯಾ ಯಾವಳೋ ಅಂದ್ಕೊಂಡು ಅದರ ಮೇಲೇ ತಮ್ಮದನ್ನ ಬರೀತಾರೆ. ಮೂರು ಸಲ ಹಾಳಾಯ್ತಂತೆ. ಮೂರು ಸಲ ಮತ್ತೆ ಕಟ್ಟಿದರಂತೆ, ಗುರುವಾರ ಗುರುವಾರ."

ತಿದ್ದಲಾಗಿದೆ. ಮತ್ತೆ ಕಟ್ಟಲಾಗಿದೆ.

"ಆಮೇಲೆ ಒಂದು ದಿನ ಇಲ್ಲಿಗೆ ಬಂದರು. ಟೋಪಿ ಕೈಯಲ್ಲಿ. ಮೇಡಂ, ನಿಮ್ಮ ಹೆಸರು ಸ್ವಲ್ಪ ದಿನ ಕಡ ಕೊಡ್ತೀರಾ, ಈ ಪ್ರಾಂತದಲ್ಲಿ ಆ ಹೆಸರು ಬರೆದ ಗುಂಡಿ ಮುಟ್ಟೋ ಧೈರ್ಯ ಒಬ್ಬ ಲೈಟಿನವನಿಗೂ ಇಲ್ಲ ಅಂದರು. ಕೋಪ ಬರಬೇಕಿತ್ತು. ಬರಲಿಲ್ಲ. ಕೇಳಿ ತಗೊಂಡವರು ಅವರೊಬ್ಬರೇ. ಹೆಂಡತಿಗೆ ಹೇಳಬೇಡಿ ಅಂದೆ. ತನ್ನ ಹೆಸರು ತೆಗೆದು ನನ್ನಂಥವಳ ಹೆಸರು ಹಾಕಿದರೆ ಯಾರು ಸಹಿಸ್ತಾರೆ?"

ಅವಳು ಎಲಾಸ್ಟಿಕ್ಕನ್ನು ಬೆರಳಿಗೆ ಸುತ್ತುತ್ತಿದ್ದಳು. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ.

"ಮೇ ತಿಂಗಳಲ್ಲಿ ಕೊಟ್ಟೆ. ಆಗಸ್ಟ್‌ನಲ್ಲಿ ಅವರು ಹೋದರು. ಊರೆಲ್ಲ ಏನ್ ಅಂತಿದೆ ಅಂತ ನಂಗೊತ್ತು. ನೀವೂ ಅಂದುಬಿಡಿ. ನನಗೇ ಒಂದೊಂದು ಸಲ..."

*ಅವನಿಗೂ ಹೇಳಿದ್ದೆ, ಬೇಡ ಕಣೋ ಅಂತ. ಈಗ ನೋಡು.* ಲಿಸಾಂದ್ರೊನ ಮಾತು ಈಗ ಸರಿಯಾದ ಜಾಗಕ್ಕೆ ಬಂದು ಕೂತಿತು.

"ಗಾಸ್ಪರನ ಅಪ್ಪನೂ ನಲವತ್ತು ತುಂಬೋಕೆ ಮುಂಚೆ ಹೀಗೇ ಹೋದರು," ಎಂದೆ. "ಅದೇ ನರ. ಅವರಿಗೂ ನೀವು ಹೆಸರು ಕೊಟ್ಟಿದ್ರಾ?"

ಅವಳು ತಲೆಯೆತ್ತಿದಳು.

"ಆಗ ನನಗೆ ಹತ್ತು ವರ್ಷ ಇದ್ದೀತು."

"ಹಾಗಾದರೆ ಚಿಕ್ಕಂದಿನಿಂದಲೇ ಶುರು ಮಾಡಿದ್ರಿ ಅನ್ನಿ."

ಅವಳು ನಕ್ಕಳು, ಜೋರಾಗಿ, ಹಾಡುವವರ ಎದೆಯಿಂದ ಬರುವ ನಗು. ಡಬ್ಬಿಗಳೊಳಗೆ ಗುಂಡಿಗಳು ಅಲುಗಿದವು ಅನ್ನಿಸಿತು. ನಾನೂ ನಕ್ಕೆ. ನಗುತ್ತ ನಗುತ್ತಲೇ ಎಲ್ಲಿಂದಲೋ ಅಳು ಬಂತು, ಇಷ್ಟು ದಿನದ್ದು, ಒಟ್ಟಿಗೆ. ಅವಳು ಅಂಗಡಿಯ ಬಾಗಿಲು ಮುಚ್ಚಿ, ಒಂದು ಮೀಟರ್ ಬಿಳಿ ಬಟ್ಟೆ ಕತ್ತರಿಸಿ ಕೈಗೆ ಕೊಟ್ಟಳು. ಕರವಸ್ತ್ರ ಇಟ್ಟಿರಲಿಲ್ಲವಂತೆ.

*

ಗುರುವಾರ ಮಧ್ಯಾಹ್ನ ಮೂರಕ್ಕೆ ಪಕ್ಕದ ಬಾಗಿಲಿನಿಂದ ಒಳಗೆ ಬಂದೆವು. ನಾನು ಬೀರುವಿನಿಂದ ತೆಗೆದ ಕೋಟು ಹಾಕಿದ್ದೆ. ಭುಜದ ಮೇಲೆ ಎಂಟು ವರ್ಷದ ಹಿಂದಿನ ಟೇಪಿನ ಅಂಟು ಇನ್ನೂ ಇತ್ತು. ಹಿಂದೆ ಸೆಲಿನಾ. ಹೊಸ್ತಿಲಲ್ಲಿ ಅವಳು ನಿಂತಾಗ ಕೈ ಹಿಡಿದು ಎಳೆದುಕೊಂಡೆ.

ಚೆಲಾಳ ಕೈಯಿಂದ ಸೂಜಿಯ ಡಬ್ಬಿ ಬಿತ್ತು.

"ಇಬ್ರೂ ಒಟ್ಟಿಗೇನಾ!" ಎಂದಳು. "ಕೋಟೂ, ಇವಳೂ! ಮಾರಾಯ್ತಿ, ನಮ್ಮೆಲ್ಲರನ್ನೂ ಒಂದೇ ದಿನ ಕೊಂದುಹಾಕ್ತೀಯಾ?"

ಲಿಸಾಂದ್ರೊ ಕೇಡು ತಟ್ಟದಿರಲೆಂದು ಏಣಿಯ ಕಬ್ಬಿಣ ಹಿಡಿದುಕೊಂಡ.

"ಹಿಡ್ಕೊಂಡೇ ಇರು," ಎಂದೆ. "ಸೆಲಿನಾ, ನೀವು ಒತ್ತಿ. ಇವರಲ್ಲಿ ಯಾರೂ ಒತ್ತಲ್ಲ."

"ನೀವು ಒತ್ತಬಹುದಲ್ಲ?"

"ನಾನು ವೇದಿಕೆ ಮೇಲೆ ಇರಬೇಕು."

ಹತ್ತಿ ನಿಂತೆ. ಬರಿಯ ಹಲಗೆ, ಖಾಲಿ ಕುರ್ಚಿಗಳು. ಕೋಟು ಕಣ್ಣಿಗೆ ಕುಕ್ಕುವಷ್ಟು ಹಳದಿ. ದೀಪಗಳೆಲ್ಲ ಆರಿದವು. ಆಮೇಲೆ ಮೇಲಿನಿಂದ, ಎರಡೂ ಪಕ್ಕದಿಂದ, ಬೆಚ್ಚಗಿನ ಒಂದು ಬೆಳಕು ಏರತೊಡಗಿತು. ಅವಸರವಿಲ್ಲದೆ, ಕಾಫಿ ಮುಗಿದ ಮೇಲೂ ಎದ್ದು ಹೋಗದ ಹುಡುಗನ ಹಾಗೆ.

ಮೊದಲು ಎಲ್ಲವೂ ಜೇನಿನ ಬಣ್ಣ. ಕಣ್ಣು ಒಗ್ಗಲು ಸ್ವಲ್ಪ ಹೊತ್ತು ಹಿಡಿಯಿತು. ಒಗ್ಗಿದ ಮೇಲೆ ತೋಳು ನೋಡಿಕೊಂಡೆ. ಸೆಲಿನಾ ಕೊಟ್ಟ ಬಿಳಿ ಬಟ್ಟೆ ಕೈಯಲ್ಲಿತ್ತು. ಬಟ್ಟೆ, ಕೋಟು, ಎರಡರಲ್ಲಿ ಯಾವುದು ಯಾವುದು ಎಂದು ಹೇಳಲಾಗುತ್ತಿರಲಿಲ್ಲ.

"ಬಿಳಿ," ಎಂದ ಲಿಸಾಂದ್ರೊ ಕತ್ತಲೆಯಿಂದ. "ಕಳ್ಳ ನನ್ಮಗ. ಬಿಳಿ ಮಾಡಿಬಿಟ್ಟಿದಾನೆ."

ಆ ಬೆಳಕಿನಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆನೋ. ಬೆನ್ನಿಗೆ ಬೆಚ್ಚಗಿತ್ತು. ಮುಚ್ಚಿಟ್ಟಿದ್ದ ನನ್ನ ಗಂಡ, ಗುರುವಾರಗಳ ಗುಟ್ಟನ್ನು. ನಾನು ಅದನ್ನು ಕ್ಷಮಿಸಿದೆ. ಅವನನ್ನು ಶಂಕಿಸಿದ್ದಕ್ಕೆ ಅವನು ನನ್ನನ್ನು ಕ್ಷಮಿಸುತ್ತಾನೋ ಇಲ್ಲವೋ, ಅದಕ್ಕೆ ಈಗ ಉತ್ತರ ಬರುವುದಿಲ್ಲ. ಅಂದಾಜು ಮಾಡಬಲ್ಲೆ. ಅವನ ಕಿವಿ ಕೆಂಪಾಗುತ್ತಿತ್ತು.

ಇಳಿದು ಬಂದು ಕೈಪಿಡಿಯ ಕೊನೆಯ ಹಂತ ಟೈಪ್ ಮಾಡಿ, ಪ್ರಿಂಟ್ ತೆಗೆದು ಲಿಸಾಂದ್ರೊನಿಗೆ ಕೊಟ್ಟೆ.

"ಗಟ್ಟಿಯಾಗಿ ಓದು."

"'814ನ್ನು ಅಳಿಸಬಾರದು,'" ಎಂದು ಓದಿದ. "'ಇದರ ಮೇಲೆ ಬೇರೇನೂ ಬರೆಯಬಾರದು. ಇದು ಗಾಸ್ಪರ್ ತನ್ನ ಹೆಂಡತಿಯ ಕೋಟಿಗೆ ಕಟ್ಟಿದ ಬೆಳಕು. ಕಾಯಲು ಒಬ್ಬರ ಹೆಸರು ಕಡ ತಂದಿದ್ದ. ಈಗ ಕಾರಣ ಬರೆದಿಟ್ಟಿರುವುದರಿಂದ ಹೆದರಿಸುವ ಅಗತ್ಯವಿಲ್ಲ. ಆ ಹೆಸರನ್ನು...'" ನಿಂತ.

"ಓದು."

ಅವನ ಎಡಗೈ ಜೇಬಿನ ಕಡೆಗೆ ಹೋಯಿತು. ನಾನು ಆ ಕೈಯನ್ನೇ ನೋಡಿದೆ. ಕೈ ಅರ್ಧದಲ್ಲಿ ನಿಂತಿತು, ಮತ್ತೆ ಕಾಗದಕ್ಕೆ ಬಂತು.

"'ಆ ಹೆಸರನ್ನು ಸೆಲಿನಾ ಅವರಿಗೆ ಹಿಂದಿರುಗಿಸಲಾಗಿದೆ.'"

ಥಿಯೇಟರಿನಲ್ಲಿ ಏನೂ ಬೀಳಲಿಲ್ಲ. ದೀಪ ಆರಲಿಲ್ಲ.

ಗುಂಡಿಯ ಕೆಳಗಿನ ಟೇಪಿಗೆ ಉಗುರು ಹಾಕಿದೆ. ಗಾಸ್ಪರ್ ಅಂಟಿಸಿದ್ದು ಸುಲಭಕ್ಕೆ ಬರುವುದಿಲ್ಲ. ನಿಧಾನವಾಗಿ, ಒಂದಕ್ಷರವೂ ಹರಿಯದಂತೆ ಬಿಡಿಸಿ, ಸೆಲಿನಾಳ ಅಂಗೈಯ ಮೇಲಿಟ್ಟೆ.

"ನನ್ನ ಗಂಡ ನಿಮ್ಮಿಂದ ತಂದದ್ದು," ಎಂದೆ. "ಕೊಡೋದು ತಡವಾಯ್ತು."

ಅವಳು ಅದನ್ನು ಓದಿದಳು, ತನ್ನದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವಳಂತೆ. ಆಮೇಲೆ ತನ್ನ ರವಿಕೆಯ ಎಡಗಡೆ, ಎಲ್ಲರೂ ಕೈ ಇಟ್ಟುಕೊಳ್ಳುತ್ತಿದ್ದ ಅದೇ ಜಾಗದಲ್ಲಿ, ಅಂಟಿಸಿಕೊಂಡು ಬೆರಳಿನಿಂದ ಒತ್ತಿದಳು.